ವ್ಯಾಪಕವಾಗಿ

ಇಂಗ್ಲಿಷಿನ ಕೆಲವು ಕ್ರಿಯಾವಿಶೇಷಣಗಳು ಮದುವೆಮನೆಯ ಶಾಮಿಯಾನದಂಥವು. ವೈಡ್ಲಿ, ಎಕ್ಸ್‌ಟೆನ್ಸಿವ್ಲಿ, ಯೂನಿವರ್ಸಲಿ: ಒಂದನ್ನು ಬಿಚ್ಚಿ ಹರಡಿಬಿಟ್ಟರೆ ಸಾಕು, ಅದರ ಕೆಳಗೆ ಎಷ್ಟು ಜನ ಕೂತಿದ್ದಾರೆಂದು ಯಾರೂ ಎಣಿಸುವುದಿಲ್ಲ.

ನಮ್ಮ ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಈ ಪದಗಳಿಗೆ ಮೊದಲಿನಿಂದಲೂ ಒಳ್ಳೆಯ ಮರ್ಯಾದೆ. ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಅರೆದು ಕುಡಿದು, ಸರ್ಕಾರಿ ಕಚೇರಿಗಳಲ್ಲಿ ಮೂವತ್ತು ವರ್ಷ ಡ್ರಾಫ್ಟು ಬರೆದವರ ಬಡಾವಣೆಗಳಲ್ಲವೆ? ಕಾಶಿ ರಾಮೇಶ್ವರಗಳಿಗೆ ಒಮ್ಮೊಮ್ಮೆ ಹೋಗಿಬಂದ ಹಿರಿಯರೂ ಇಲ್ಲಿ 'ವೈಡ್ಲಿ ಟ್ರಾವೆಲ್ಡ್' ಆಗುತ್ತಿದ್ದರು.

ಈ ಪದಗಳ ಸ್ವಭಾವವೂ ವಿಚಿತ್ರ. 'ವೈಡ್ಲಿ ರೆಡ್' ಎಂದರೆ ಪುಸ್ತಕವಾದರೆ ಬಹಳ ಜನ ಓದಿದ್ದು. ಮನುಷ್ಯನಾದರೆ ಬಹಳ ಓದಿಕೊಂಡವನು. ನಾವು ಅಂಥವನನ್ನು ಬಹುಶ್ರುತ, ಅಂದರೆ ಬಹಳ ಕೇಳಿದವನು ಎನ್ನುತ್ತೇವೆ. 'ಲಾರ್ಜ್‌ಲಿ' ಎಂದರೆ ದೊಡ್ಡದಾಗಿ ಎಂದಲ್ಲ, ಬಹುಮಟ್ಟಿಗೆ ಎಂದು. 'ಬ್ರಾಡ್ಲಿ' ಇನ್ನೂ ಜಾಣ. ಅಗಲವಾಗಿ ಹೇಳುತ್ತೇನೆ ಎಂದು ಹೊರಟು, ಸ್ಥೂಲವಾಗಿ ಹೇಳಿ ಜಾರಿಕೊಳ್ಳುತ್ತದೆ.

ಕನ್ನಡದ ರೀತಿ ಬೇರೆ. ಮನೆಮನೆಗೂ, ಬೀದಿಬೀದಿಯಲ್ಲೂ, ಮೂಲೆಮೂಲೆಗೂ ಎನ್ನುತ್ತೇವೆ. ಪದವನ್ನು ಎರಡು ಸಲ ಹೇಳಿದಾಗ ಕಾಲು ನಡೆದಂತಾಗುತ್ತದೆ. ಒಂದು ಮನೆಯ ಗೇಟು ಆಯಿತು, ಇನ್ನು ಮುಂದಿನದು. 'ವ್ಯಾಪಕವಾಗಿ' ಬಂದ ಮೇಲೆ ಈ ನಡಿಗೆಯೇ ತಪ್ಪಿತು. ಈಗ ಶೋಧವೂ ವ್ಯಾಪಕ, ಖಂಡನೆಯೂ ವ್ಯಾಪಕ.

ಇದು ಬರೀ ವ್ಯಾಕರಣದ ಚರ್ಚೆಯಲ್ಲ ಎಂದು ತಿಳಿದದ್ದು, ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ನಲ್ಲಿ ನೀರು ನಾರತೊಡಗಿದಾಗ. ಇಬ್ಬರು ಮಕ್ಕಳಿಗೆ ವಾಂತಿಭೇದಿ ಹಿಡಿದು ಡ್ರಿಪ್ ಹಾಕಿಸುವಂತಾಯಿತು. ಬೀದಿಯ ನಿವೃತ್ತ ಮೇಷ್ಟ್ರು ಒಳ್ಳೆಯ ಇಂಗ್ಲಿಷಿನಲ್ಲಿ ಅರ್ಜಿ ಬರೆದರು: ನೀರು 'ಎಕ್ಸ್‌ಟೆನ್ಸಿವ್ಲಿ' ಕಲುಷಿತವಾಗಿದೆ, ನಿವಾಸಿಗಳು 'ವೈಡ್ಲಿ' ಬಾಧಿತರಾಗಿದ್ದಾರೆ. ಸಂಬಂಧಪಟ್ಟವರು ಬಂದು, ಬೀದಿಯ ಮೊದಲ ಎರಡು ಮನೆಗಳಲ್ಲಿ ನೀರು ಹಿಡಿದು ನೋಡಿ, ದೋಷ ಕಂಡುಬಂದಿಲ್ಲವೆಂದು ಉತ್ತರ ಕೊಟ್ಟರು. ಅವರು ಸುಳ್ಳು ಹೇಳಲಿಲ್ಲ. ಆ ಎರಡು ಮನೆಗಳ ನೀರು ಚೆನ್ನಾಗಿಯೇ ಇತ್ತು.

ಆಗ ಎದುರುಮನೆಯ ಅಜ್ಜಿ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಪೆನ್ಸಿಲು ಹಿಡಿದು ಹೊರಟರು. ಇಪ್ಪತ್ತೆರಡು ಮನೆ. ಯಾವ ಮನೆಯಲ್ಲಿ ವಾಸನೆ, ಯಾವತ್ತಿನಿಂದ, ನೀರು ಬಿಟ್ಟ ಮೊದಲ ಹತ್ತು ನಿಮಿಷವೋ ಕೊನೆಯತನಕವೋ, ಎಲ್ಲ ಬರೆದುಕೊಂಡರು.

ಮೇಷ್ಟ್ರು ಹಾಳೆ ನೋಡಿ ನಕ್ಕರು. "ಏನಮ್ಮಾ ಇದು, ಅರ್ಜಿಯೋ ದಿನಸಿ ಚೀಟಿಯೋ?"

"ದಿನಸಿ ಚೀಟೀಲಿ ಎಷ್ಟು, ಏನು ಅಂತ ಇರುತ್ತೆ ಮೇಷ್ಟ್ರೇ. ಅಂಗಡಿಯೋನು ತಿರುಗಿ ಕೇಳೋ ಹಾಗಿಲ್ಲ."

ವಾಸನೆಯಿದ್ದದ್ದು ಒಂಬತ್ತು ಮನೆಗಳಲ್ಲಿ. ಒಂಬತ್ತೂ ಒಂದೇ ಸಾಲಿನಲ್ಲಿ, ಮೂಲೆಯ ಮ್ಯಾನ್‌ಹೋಲಿನಿಂದಾಚೆಗೆ. ನಮ್ಮಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ. ಬಿರುಕಿದ್ದರೆ ಹೊರಗಿನ ಕೊಳಕನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಹಾಳೆಯ ಪ್ರತಿ ಹಿಡಿದು ಹೋದ ಮೇಲೆ ಮ್ಯಾನ್‌ಹೋಲಿನ ಪಕ್ಕದಲ್ಲಿ ಅಗೆದರು. ತುಕ್ಕು ತಿಂದ ನೀರಿನ ಕೊಳವೆ, ಸೋರುತ್ತಿದ್ದ ಒಳಚರಂಡಿಗೆ ಅಂಟಿಕೊಂಡೇ ಇತ್ತು.

ಹಾಗೆಂದು ಅಗಲವಾದ ಪದಗಳನ್ನೆಲ್ಲ ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಹವಾಮಾನ ಇಲಾಖೆಯವರನ್ನು ನೋಡಿ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 75ಕ್ಕಿಂತ ಹೆಚ್ಚು ಕಡೆ ಮಳೆಯಾದರೆ ಮಾತ್ರ ಅವರ ಲೆಕ್ಕದಲ್ಲಿ ಅದು ವ್ಯಾಪಕ ಮಳೆ. 51ರಿಂದ 75ರವರೆಗೆ ಸಾಕಷ್ಟು ವ್ಯಾಪಕ, 26ರಿಂದ 50 ಚದುರಿದ ಮಳೆ, ಅದಕ್ಕೂ ಕಡಿಮೆಯಾದರೆ ಅಲ್ಲೊಂದು ಇಲ್ಲೊಂದು ಕಡೆ. ಪದ ಅಗಲವೇ, ಆದರೆ ಅದರ ನಾಲ್ಕು ಮೂಲೆಗೂ ಗೂಟ ಹೊಡೆದಿದೆ.

ನಮ್ಮ ಚಾಮರಾಜಪೇಟೆಯಲ್ಲೇ ಇರುವ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ತಂದಿದೆಯಲ್ಲ, ಅಲ್ಲೂ ಇದೇ ಶಿಸ್ತು. ಒಂದು ಪದ ಹಿಂದೆ ಬಳಕೆಯಲ್ಲಿತ್ತು ಎಂದರೆ ಸಾಲದು; ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಎಂದು ಪ್ರಯೋಗ ಕೊಟ್ಟಿದ್ದಾರೆ. ವಿದ್ವಾಂಸರು ಪದಗಳಿಗೆ ಮಾಡಿದ್ದನ್ನೇ ನಮ್ಮ ಅಜ್ಜಿ ನಲ್ಲಿಗಳಿಗೆ ಮಾಡಿದರು.

ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹರಸುವಾಗ ಯಾರೂ ಪಟ್ಟಿ ಕೇಳುವುದಿಲ್ಲ. ಹರಕೆ ಎಷ್ಟು ಹರಡಿದರೂ ಚೆಂದ. ಕಷ್ಟ ಹೇಳಿಕೊಳ್ಳುವಾಗ ಮಾತ್ರ ಮನೆಯ ನಂಬರು ಬೇಕು. ಮೇಷ್ಟ್ರು ಈಗಲೂ ಬೀದಿಯ ಅರ್ಜಿಗಳನ್ನು ಇಂಗ್ಲಿಷಿನಲ್ಲೇ ಬರೆಯುತ್ತಾರೆ, 'ವೈಡ್ಲಿ'ಯನ್ನೂ ಬಿಟ್ಟಿಲ್ಲ. ಆದರೆ ಜೊತೆಗೆ ಅಜ್ಜಿಯ ಒಂದು ಹಾಳೆ ಲಗತ್ತಿಸದೆ ಸಹಿ ಹಾಕುವುದಿಲ್ಲ.