ಅಮೀರ್‌ಪೇಟೆಯ ಇಂಗ್ಲಿಷ್ ಬೀದಿ

ಬೀದರಿನವರಿಗೆ ಬೆಂಗಳೂರು ಹೆಚ್ಚುಕಡಿಮೆ 700 ಕಿ.ಮೀ. ದೂರ, ಹೈದರಾಬಾದು 150 ಕಿ.ಮೀ. ಒಳಗೇ. ಹೀಗಾಗಿ ಪದವಿ ಮುಗಿಸಿ, ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿಹೋಗಿ ಮನೆಗೆ ಮರಳಿದ ಬೀದರ, ಕಲಬುರ್ಗಿ, ರಾಯಚೂರು ಕಡೆಯ ಎಷ್ಟೋ ಹುಡುಗ ಹುಡುಗಿಯರು ಬ್ಯಾಗು ಹೆಗಲಿಗೇರಿಸಿ ಬಂದಿಳಿಯುವುದು ಅಮೀರ್‌ಪೇಟೆಯಲ್ಲಿ.

2017ರಲ್ಲಿ ಮೆಟ್ರೊ ಬಂದ ಮೇಲೆ ದಾರಿ ಕೇಳುವ ಕಷ್ಟವಿಲ್ಲ. ಮೈತ್ರಿವನಂ ಕಟ್ಟಡದ ಕಡೆ ನಡೆದರೆ ಸಾಕು, ಬೋರ್ಡುಗಳ ಕಾಡು. ಜಾವಾ, ಪೈಥಾನ್ ಕಲಿಸುವವರ ನಡುವೆಯೇ ಸ್ಪೋಕನ್ ಇಂಗ್ಲಿಷ್, ಪರ್ಸನಾಲಿಟಿ ಡೆವಲಪ್‌ಮೆಂಟ್! ಕರಪತ್ರ ಕೈಗೆ ತುರುಕುವವರು, ಹಾಸ್ಟೆಲುಗಳು, ಜೆರಾಕ್ಸ್ ಅಂಗಡಿಗಳು, ಇಡ್ಲಿ ಬಂಡಿಗಳು. ತಿಂಗಳೊಳಗೆ ಇಂಗ್ಲಿಷ್ ಕಲಿಸುತ್ತೇವೆಂಬ ಮಾತನ್ನು ನಂಬಬೇಕಿಲ್ಲ. ತಿಂಗಳಲ್ಲಿ ಭಾಷೆ ಬಾರದು, ಅಂಜಿಕೆ ಹೋದೀತು.

ನಾನು ಕುಳಿತು ನೋಡಿದ ತರಗತಿಯಲ್ಲಿ ಮೊದಲ ಪಾಠ ಹೆಸರು ಹೇಳುವುದು. 'ಮೈಸೆಲ್ಫ್' ಎಂದು ಶುರು ಮಾಡಿದವರನ್ನೆಲ್ಲ ಮೇಷ್ಟ್ರು ಅಲ್ಲಿಯೇ ತಡೆದು 'ಐ ಆಮ್' ಎನ್ನಿಸಿದರು. ಆಮೇಲೆ ಫೋನಿನಲ್ಲಿ ಮಾತು, ಇ-ಮೇಲ್ ಬರವಣಿಗೆ, ಗುಂಪುಚರ್ಚೆ. ಇವೆಲ್ಲ ಪುಸ್ತಕದಲ್ಲೂ ಸಿಗುತ್ತವೆ. ಪುಸ್ತಕದಲ್ಲಿ ಸಿಗದ ತೊಡಕು ಬೇರೆಯೇ ಇದೆ.

ನಮ್ಮ ಕಡೆಯವರ ಮರ್ಯಾದೆಯೆಲ್ಲ 'ರಿ'ಯಲ್ಲಿದೆ. 'ಫೈಲ್ ಕಳಸ್ರಿ' ಎಂದರೆ ಸಾಕು, ವಿನಯ ಅದರೊಳಗೇ ಬಂತು. ಅದನ್ನೇ 'ಸೆಂಡ್ ದ ಫೈಲ್' ಎಂದು ಇಂಗ್ಲಿಷಿಗೆ ತಂದರೆ 'ರಿ' ದಾರಿಯಲ್ಲೇ ಉದುರಿ, ಉಳಿಯುವುದು ಬರೀ ಅಪ್ಪಣೆ. ಇಂಗ್ಲಿಷಿನ ವಿನಯ 'ಕುಡ್ ಯು ಪ್ಲೀಸ್' ಎಂಬ ಪ್ರಶ್ನೆಯ ರೂಪದಲ್ಲಿದೆ. ಅದು ಗೊತ್ತಿಲ್ಲದ ಸಂಭಾವಿತ ಹುಡುಗನೂ ಆಫೀಸಿನಲ್ಲಿ ಒರಟನೆನಿಸಿಕೊಳ್ಳುತ್ತಾನೆ. ಹಾಗೆಯೇ 'ನೋಡ್ತೀನ್ರಿ' ಎಂಬುದು. ಊರಲ್ಲಿ ಅದು ಆಗುವುದಿಲ್ಲ ಎನ್ನುವ ನಯವಾದ ರೀತಿ, ಎಲ್ಲರಿಗೂ ಗೊತ್ತು. ಕಂಪನಿಯಲ್ಲಿ ಮೇಲಿನವರು ಅದನ್ನು ಒಪ್ಪಿಗೆಯೆಂದು ತಿಳಿದು ಕೆಲಸ ಮುಗಿಯಿತೇ ಎಂದು ಕೇಳುತ್ತಾರೆ! 'ಇಂದು ಆಗದು, ಗುರುವಾರ ಕೊಡುತ್ತೇನೆ' ಎಂದು ಹೇಳುವುದನ್ನು ಆ ಮೇಷ್ಟ್ರು ಅರ್ಧ ಗಂಟೆ ಉರು ಹೊಡೆಸಿದರು. ಆ ದಿನ ಕೊಟ್ಟ ಶುಲ್ಕ ಸಾರ್ಥಕವಾದದ್ದು ಅಲ್ಲಿಯೇ ಎಂದು ನನಗನ್ನಿಸಿತು.

ಎಲ್ಲ ಕಡೆ ಇಷ್ಟು ಚೆನ್ನಾಗಿಲ್ಲ. ಕೆಲವೆಡೆ ಸ್ವಪರಿಚಯದ ಒಂದೇ ಪಾಠವನ್ನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತಾರೆ. ಇಂಟರ್‌ವ್ಯೂ ಮಾಡುವವರಿಗೆ ಅದು ಎರಡನೆಯ ವಾಕ್ಯಕ್ಕೇ ತಿಳಿಯುತ್ತದೆ. ಶುಲ್ಕ ಕಟ್ಟುವ ಮೊದಲು ತಂದೆತಾಯಿಗಳು ಕೇಳಬೇಕಾದದ್ದು ಎ.ಸಿ. ಇದೆಯೇ ಎಂದಲ್ಲ, ತರಗತಿಯಲ್ಲಿ ಎಷ್ಟು ಜನ ಎಂದು. 60 ಮಂದಿಗೆ ಒಂದು ಗಂಟೆಯಾದರೆ ಮೇಷ್ಟ್ರು ಬಾಯಿ ಮುಚ್ಚಿದರೂ ಒಬ್ಬರ ಪಾಲಿಗೆ ಒಂದೇ ನಿಮಿಷ.

ಇದೇ ಊರಿನ ತಾರ್ನಾಕಾ ಬಳಿ 1958ರಲ್ಲಿ ಆರಂಭವಾದ ಇಂಗ್ಲಿಷ್ ಸಂಸ್ಥೆಯಿದೆ. 2007ರಿಂದ ಅದು ಕೇಂದ್ರೀಯ ವಿಶ್ವವಿದ್ಯಾಲಯ. ಆದರೆ ಅವಸರದಲ್ಲಿರುವ ಹುಡುಗರು ಅಷ್ಟು ದೂರ ಹೋಗುವುದಿಲ್ಲ. ದೋಮಲಗುಡದ ರಾಮಕೃಷ್ಣ ಮಠದಲ್ಲೂ ಇಂಗ್ಲಿಷ್ ತರಗತಿಗಳಿವೆ. ಇಂದಿರಾ ಪಾರ್ಕ್ ಹತ್ತಿರವೇ ಅದು. ಅಮೀರ್‌ಪೇಟೆಯಲ್ಲಿ ಹಣ ಕಟ್ಟುವ ಮುನ್ನ ಅಲ್ಲಿಗೂ ಒಮ್ಮೆ ಹೋಗಿ ವಿಚಾರಿಸಬಹುದು.