ಗಿಟ್ಟದ ಗಿಟ್ಟು

ಮೂರು ವಾರದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ ಆಫೀಸಲ್ಲ, ಮದುವೆಯೂ ಅಲ್ಲ (ಅಮ್ಮ ಓದುತ್ತಿದ್ದರೆ: ಇನ್ನೂ ಅಲ್ಲ). ಒಂದು ಸರ್ವರ್ ಜತೆ ಗುದ್ದಾಡ್ತಿದ್ದೆ.

ಅಪ್ಪ ಮೇಷ್ಟ್ರ ಕೆಲಸದಿಂದ ರಿಟೈರ್ ಆದಮೇಲೆ ಅಡಿಕೆ ತೋಟದ ಮಾತುಗಳನ್ನ ಒಟ್ಟುಮಾಡ್ತಿದ್ದಾರೆ. ಚೊಗರು, ಗೋಟು, ಕೊಟ್ಟೆ, ಮೆಟ್ಟುಗತ್ತಿ, ಸೊಪ್ಪಿನಬೆಟ್ಟ... ಹೀಗೆ. ಒಂದೊಂದಕ್ಕೂ ಅರ್ಥ, ಜತೆಗೆ ಯಾರ ಬಾಯಲ್ಲಿ ಹೇಗೆ ಕೇಳಿದ್ದು ಅಂತ ನಾಲ್ಕು ಸಾಲು. ಅವರು ಊರಿಂದ ವಾಟ್ಸಾಪಲ್ಲಿ ಕಳಿಸ್ತಾರೆ, ನಾನು ಬೆಂಗಳೂರಲ್ಲಿ ಕೂತು ಪುಟ್ಟ ಸೈಟೊಂದಕ್ಕೆ ಹಾಕ್ತೀನಿ. ಎಫ್‌ಟಿಪಿಯಲ್ಲಿ, ಫೈಲ್ ಮೇಲೆ ಫೈಲ್ ಎಸೆದು! ಆಫೀಸಲ್ಲಿ "ಇದನ್ನ ಯಾಕೆ ಕಮಿಟ್ ಮಾಡಿಲ್ಲ?" ಅಂತ ಹುಡುಗರ ಮೇಲೆ ಹುಬ್ಬೇರಿಸೋದೂ ಇದೇ ನಾನು.

ಆಗಬೇಕಾದ್ದೇ ಆಯ್ತು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಲ್ಯಾಪ್‌ಟಾಪಿನ ಹಳೇ ಫೈಲನ್ನ ಹೊಸದರ ಮೇಲೆ ಹಾಕಿಬಿಟ್ಟೆ. 31 ಪದ ಹೋಯ್ತು. ಬ್ಯಾಕಪ್ ಇರಲಿಲ್ಲ. ವಾಟ್ಸಾಪಲ್ಲೂ ಇಲ್ಲ, ಹಳೇ ಫೋನ್ ಜತೆಗೇ ಹೋಗಿತ್ತು. ಅಪ್ಪ ನೆನಪು ಮಾಡಿಕೊಂಡು 23 ಬರೆದುಕೊಟ್ಟರು. ಉಳಿದ 8 ನಮ್ಮ ತೋಟಕ್ಕೆ ಕೊನೆ ತೆಗೆಯೋಕೆ ಬರ್ತಿದ್ದವರು ಹೇಳಿದ್ದು. ಅವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸರಿ, ಗಿಟ್ ಹಾಕೋಣ ಅಂತ ಕೂತೆ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ಲಿಗೋಸ್ಕರ ಬರೆಯೋಕೆ ಶುರು ಮಾಡಿದ್ದು. ಅಂಥಾದ್ದಕ್ಕೆ ನಮ್ಮ ಅಡಿಕೆ ಪದ ಯಾವ ಲೆಕ್ಕ ಅಂದುಕೊಂಡಿದ್ದೆ. ಆದರೆ ನನ್ನ ಹೋಸ್ಟಿಂಗ್ ಇದೆಯಲ್ಲ, ಹೆಸರಿಗೆ ಕ್ಲೌಡು, ಒಳಗೆ ಹೋದರೆ ಥೇಟ್ ವಠಾರ. ಮೊಳೆ ಹೊಡೆಯೋ ಹಾಗಿಲ್ಲ, ನಲ್ಲಿ ಕೀಲಿ ಮಾಲೀಕರ ಸೊಂಟದಲ್ಲಿ. ರೂಟ್ ಇಲ್ಲ, ಸುಡೋ ಇಲ್ಲ, ಗಿಟ್ಟೂ ಇಲ್ಲ. ಪುಣ್ಯಕ್ಕೆ ಎಸ್ಎಸ್ಎಚ್ ಮತ್ತು ಒಂದು ಸಿ ಕಂಪೈಲರ್ ಇತ್ತು. ಗಿಟ್ ಸೋರ್ಸ್ ತಂದು, ಪ್ರಿಫಿಕ್ಸಿಗೆ ನನ್ನ ಹೋಮ್ ಡೈರೆಕ್ಟರಿ ಕೊಟ್ಟು ಮೇಕ್ ಓಡಿಸಿದೆ. ಗೆಟ್‌ಟೆಕ್ಸ್ಟ್, ಟಿಕೆ, ಕರ್ಲ್ ಯಾವುದೂ ಬೇಡ ಅಂದೆ. ಎಸ್ಎಸ್ಎಚ್ ಮೇಲೆ ಪುಶ್ ಮಾಡೋಕೆ ಕರ್ಲ್ ಬೇಕಾಗಲ್ಲ.

ಬಿಲ್ಡ್ ಆಯ್ತು. ಲಾಗಿನ್ ಆಗಿ ನೋಡಿದರೆ ಗಿಟ್ ಇದೆ. ಲ್ಯಾಪ್‌ಟಾಪಿಂದ ಪುಶ್ ಮಾಡಿದರೆ ಗಿಟ್-ರಿಸೀವ್-ಪ್ಯಾಕ್ ಅನ್ನೋ ಕಮಾಂಡೇ ಇಲ್ಲ ಅನ್ನುತ್ತೆ! ಕಣ್ಣೆದುರಿಗೇ ಇದೆ ಮಾರಾಯಾ...

ಎರಡು ರಾತ್ರಿ ಹೋಯ್ತು. ವಿಷಯ ಇಷ್ಟೆ. ಪಾಥ್ ಸಾಲನ್ನ ನಾನು ಬ್ಯಾಶ್ ಪ್ರೊಫೈಲಿಗೆ ಹಾಕಿದ್ದೆ. ನಾವಾಗಿ ಲಾಗಿನ್ ಆದರೆ ಮಾತ್ರ ಅದನ್ನ ಓದೋದು. ಗಿಟ್ ಎಸ್ಎಸ್ಎಚ್ ಮೂಲಕ ಒಂದು ಕಮಾಂಡ್ ಓಡಿಸಿ ಹೋಗಿಬಿಡುತ್ತೆ, ಆಗ ಬ್ಯಾಶ್ ನೋಡೋದು ಬ್ಯಾಶ್ಆರ್‌ಸಿ ಫೈಲನ್ನ. ಅಲ್ಲಿಗೆ ಹಾಕಿದೆ, ಆಗಲೂ ಇಲ್ಲ. ಯಾಕಂದ್ರೆ ಆ ಫೈಲಿನ ತಲೆಯಲ್ಲೇ "ಇಂಟರಾಕ್ಟಿವ್ ಅಲ್ಲದಿದ್ದರೆ ವಾಪಸ್ ಹೋಗು" ಅನ್ನೋ ಸಾಲು ಕೂತಿತ್ತು, ನಾನು ಬರೆದದ್ದು ಅದರ ಕೆಳಗೆ. ಒಂದು ಸಾಲು ಮೇಲಕ್ಕೆ ಎತ್ತಿಟ್ಟೆ, ಪುಶ್ ಆಯ್ತು. ಎರಡು ರಾತ್ರಿಗೆ ಒಂದು ಸಾಲು!

ಬೇರ್ ರೆಪೊಸಿಟರಿಯನ್ನ ಪಬ್ಲಿಕ್ ಫೋಲ್ಡರಿಂದ ಹೊರಗಿಟ್ಟೆ (ಒಳಗಿಟ್ಟರೆ ಊರಿಗೆಲ್ಲ ಇತಿಹಾಸ ಬಿಟ್ಟಿ). ಪೋಸ್ಟ್-ರಿಸೀವ್ ಹುಕ್‌ನಲ್ಲಿ ಒಂದು ಚೆಕ್ಔಟ್, ಪುಶ್ ಮಾಡಿದ ಕೂಡಲೇ ಸೈಟ್ ಬದಲಾಗುತ್ತೆ. ಆಮೇಲೊಂದು ಕಾಟ: ಪುಶ್ ಆದಮೇಲೆ ಗಿಟ್ ಕೆಲವೊಮ್ಮೆ ತಾನಾಗೇ ಹಳೇ ಆಬ್ಜೆಕ್ಟುಗಳನ್ನ ಮೂಟೆ ಕಟ್ಟೋಕೆ ಹೊರಡುತ್ತೆ, ಮೆಮೊರಿ ಮಿತಿ ಮೀರಿತು ಅಂತ ವಠಾರದವರು ಕುತ್ತಿಗೆ ಹಿಚುಕ್ತಾರೆ. ಅಲ್ಲಿ ಆಟೋಜಿಸಿ ಆಫ್ ಮಾಡಿದೆ.

ಎಲ್ಲ ಮುಗಿಸಿ ಅಪ್ಪನಿಗೆ ಫೋನ್ ಮಾಡಿ, ಇನ್ನು ಯಾವತ್ತಿನ ಪುಟ ಬೇಕಾದ್ರೂ ತೆಗೀಬಹುದು ಅಂದೆ.

"ನಾನು ತಪ್ಪು ಬರೆದು ಆಮೇಲೆ ತಿದ್ದಿದ್ದೂ ಇರುತ್ತಾ?"

"ಇರುತ್ತೆ."

ಮೂವತ್ತು ವರ್ಷ ಕೆಂಪು ಇಂಕಲ್ಲಿ ಮಕ್ಕಳ ತಪ್ಪಿಗೆ ಗೀಟು ಎಳೆದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಎಂಟು ಪದದ ಜಾಗ ಖಾಲಿ ಬಿಟ್ಟಿರು. ನೆನಪಾದ್ರೆ ಹೇಳ್ತೀನಿ" ಅಂದರು.

ಎಂಟು ಖಾಲಿ ಸಾಲು ಹಾಕಿ ಕಮಿಟ್ ಮಾಡಿದೆ. ಮೊನ್ನೆ ಬೆಳಗ್ಗೆ ಐದೂಮುಕ್ಕಾಲಿಗೆ ಒಂದು ಮೆಸೇಜ್ ಬಂತು. ಈಗ ಏಳಿದೆ.