ಸೀಳಿಗೆ ತಕ್ಕ ಅಲಗು

ಸ್ವಿಟ್ಜರ್ಲೆಂಡಿನ ಓಡೆಮಾರ್ ಪಿಗೇ ಕಂಪನಿ 1972ರಲ್ಲಿ ಹೊರತಂದ ರಾಯಲ್ ಓಕ್ ವಾಚಿನ ಮುಖದ ಸುತ್ತ ಎಂಟು ಸ್ಕ್ರೂಗಳು ಕಾಣುತ್ತವೆ. ಎಂಟರ ಸೀಳುಗಳೂ ವೃತ್ತದ ಗುಂಟ ಅಣಿಯಾಗಿ ನಿಂತಿವೆ, ಒಂದೂ ಓರೆಯಿಲ್ಲ. ಕೈಯಿಂದ ಬಿಗಿದ ಸ್ಕ್ರೂಗಳು ಹೀಗೆ ನಿಲ್ಲುವುದುಂಟೇ? ನಿಲ್ಲುವುದಿಲ್ಲ. ವಿನ್ಯಾಸಕಾರ ಜೆರಾಲ್ಡ್ ಜೆಂಟಾ ಅವುಗಳಿಗೆ ಆರು ಮೂಲೆಯ ತಲೆ ಕೊಟ್ಟು, ಆರು ಮೂಲೆಯದೇ ಗುಳಿಯಲ್ಲಿ ಕೂರಿಸಿದರು. ಅವು ತಿರುಗಲಾರವು, ಬಿಗಿಯುವುದೂ ಬಿಚ್ಚುವುದೂ ಹಿಂಬದಿಯಿಂದ. ಮುಂದಿನಿಂದ ಸ್ಕ್ರೂಡ್ರೈವರ್ ಹಾಕಿ ತಿರುವಲು ಹೋದವರಿಗೆ ವಾಚಿನ ಮೈಗೆ ಗೀರು ಬೀಳಿಸುವುದಷ್ಟೇ ಲಾಭ.

ಇದಕ್ಕಿಂತ ಸಾಮಾನ್ಯವಾದ ಮೋಸವೊಂದು ನಮ್ಮೆಲ್ಲರ ಮುಂಗೈಯಲ್ಲೇ ಇರುತ್ತದೆ. ಸ್ಟೀಲ್ ಚೈನಿನ ಕೊಂಡಿಯನ್ನು ಪಕ್ಕದಿಂದ ನೋಡಿದರೆ ಪುಟ್ಟ ಸೀಳೊಂದು ಕಾಣುತ್ತದೆ. ಸ್ಕ್ರೂ ಎಂದೇ ಅನ್ನಿಸುತ್ತದೆ. ಬಹಳಷ್ಟು ಚೈನುಗಳಲ್ಲಿ ಅದು ಸ್ಕ್ರೂ ಅಲ್ಲ, ತುದಿ ಸೀಳಿದ ಪಿನ್ನು. ಸೀಳಿದ ಎರಡು ಎಸಳುಗಳು ಒಳಗಿನಿಂದ ಅರಳಿ ರಂಧ್ರದ ಗೋಡೆಯನ್ನು ಒತ್ತಿ ಹಿಡಿದಿರುತ್ತವೆ. ಅದನ್ನು ತಿರುವಿದರೆ ಏನೂ ಆಗದು. ಹಟ ಹಿಡಿದು ತಿರುವಿದರೆ ಎಸಳು ಮುರಿಯುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಚೈನನ್ನು ಮಗುಚಿ ಒಳಮೈ ನೋಡಬೇಕು. ಕೊಂಡಿಗಳ ಮೇಲೆ ಬಾಣದ ಗುರುತು ಕೆತ್ತಿದ್ದರೆ ಅದು ಪಿನ್ನಿನ ಚೈನು. ಬಾಣ ತೋರುವ ದಿಕ್ಕಿಗೆ ಪಿನ್ನನ್ನು ತಳ್ಳಿ ಹೊರಗೆ ತೆಗೆಯಬೇಕು, ಹಾಕುವಾಗ ಎದುರು ದಿಕ್ಕಿನಿಂದ ಹಾಕಬೇಕು. ಅಲ್ಲಿಗೆ ಬೇಕಾದದ್ದು ಸಣ್ಣ ಸುತ್ತಿಗೆ ಮತ್ತು ಪಿನ್ ತಳ್ಳುವ ಸಲಾಕೆ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಾಗತೊಡಗಿದ ಮೇಲೆ ಕೈಗಡಿಯಾರ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂತು. ಆ ಕಾಲದ ಕೈಗಳಿಗೆ ಚರ್ಮದ ಪಟ್ಟಿ ಇಲ್ಲವೇ ಪಿನ್ನಿನ ಚೈನೇ ಹೆಚ್ಚು ಪರಿಚಿತ. ಸ್ಕ್ರೂ ಹಾಕಿದ ಕೊಂಡಿಗಳು ದುಬಾರಿ ವಾಚುಗಳ ಜೊತೆಗೆ ಬಂದವು. ಪಿನ್ನಿಗೆ ಒಗ್ಗಿದ ಕೈ ಸ್ಕ್ರೂವಿನ ಮುಂದೆ ಇನ್ನೊಂದು ವಿದ್ಯೆ ಕಲಿಯಬೇಕು.

ಆ ವಿದ್ಯೆಯ ಮೊದಲ ಪಾಠ ಸ್ಕ್ರೂಡ್ರೈವರಿನ ಅಲಗಿನ ಅಗಲ. ಅಲಗು ಸ್ಕ್ರೂ ತಲೆಯ ವ್ಯಾಸದಷ್ಟೇ, ಇಲ್ಲವೇ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಹೆಚ್ಚಾದರೆ ಕೊಂಡಿಯ ರಂಧ್ರದ ಅಂಚನ್ನು ಕೆರೆಯುತ್ತದೆ. ಕಡಿಮೆಯಾದರೆ ಆಗುವ ಹಾನಿ ಇನ್ನೂ ಹೆಚ್ಚು, ಅದರ ಲೆಕ್ಕ ಸರಳ: ತಿರುಗಿಸುವ ಬಲವನ್ನು ಸ್ಕ್ರೂವಿಗೆ ದಾಟಿಸುವುದು ಅಲಗಿನ ಎರಡು ಮೂಲೆಗಳು. ಅವುಗಳ ನಡುವಿನ ಅಂತರ ಅರ್ಧಕ್ಕಿಳಿದರೆ, ಅದೇ ಸ್ಕ್ರೂ ಕದಲಿಸಲು ಸೀಳಿನ ಗೋಡೆಯ ಮೇಲೆ ಎರಡು ಪಟ್ಟು ಒತ್ತಡ ಬೀಳುತ್ತದೆ. 1.6 ಮಿಲಿಮೀಟರಿನ ಜಾಗದಲ್ಲಿ 0.8ರ ಅಲಗು ಹಾಕಿದವರು ಸೀಳು ಹರಿದಾಗ ಲೋಹವನ್ನು ದೂರುವಂತಿಲ್ಲ.

ಅಳತೆ ಹುಡುಕುವ ಶ್ರಮವನ್ನು ಉಪಕರಣ ತಯಾರಕರು ಸ್ವಲ್ಪ ಹಗುರ ಮಾಡಿದ್ದಾರೆ. 1791ರಿಂದ ಇರುವ, ಸ್ವಿಟ್ಜರ್ಲೆಂಡಿನ ಲೆ ಲೋಕ್ಲ್ ಊರಿನ ಬರ್ಜಿಯಾನ್ ಸಂಸ್ಥೆಯ ಸ್ಕ್ರೂಡ್ರೈವರುಗಳಿಗೆ ಬಣ್ಣದ ಗುರುತಿದೆ: 0.8 ಮಿ.ಮೀ.ಗೆ ಹಳದಿ, 1.2ಕ್ಕೆ ಕೆಂಪು, 1.6ಕ್ಕೆ ನೇರಳೆ, 2ಕ್ಕೆ ಹಸಿರು. ರೋಲೆಕ್ಸ್ ಚೈನುಗಳಿಗೆ ಅನೇಕರು ಕೈಚಾಚುವುದು 1.6ರ ಕಡೆಗೆ.

ಬಣ್ಣ ಹೇಳದ ಸಂಗತಿಯೊಂದಿದೆ, ಅದೇ ಮುಖ್ಯವಾದದ್ದು: ಅಲಗಿನ ದಪ್ಪ. ಅಂಗಡಿಯ ಅಗ್ಗದ ಸ್ಕ್ರೂಡ್ರೈವರಿನ ತುದಿ ಬಡಗಿಯ ಉಳಿಯ ಹಾಗೆ ಚೂಪಾಗುತ್ತಾ ಹೋಗಿರುತ್ತದೆ. ಅಂಥದ್ದು ಸೀಳಿನ ಮೇಲಂಚಿಗೆ ಮಾತ್ರ ತಾಗುತ್ತದೆ. ಬಲ ಬಿದ್ದೊಡನೆ ಮೇಲೆದ್ದು ಜಾರುತ್ತದೆ. ಜಾರಿದ ಅಲಗು ಪಾಲಿಶ್ ಮಾಡಿದ ಸ್ಟೀಲಿನ ಮೇಲೆ ಗೀರೆಳೆಯುತ್ತದೆ, ಕೆಲವೊಮ್ಮೆ ಬೆರಳಿಗೂ ನಾಟುತ್ತದೆ. ಅಲಗಿನ ತುದಿ ಚಪ್ಪಟೆಯಾಗಿದ್ದು, ಸೀಳಿನ ತಳ ಮುಟ್ಟುವಷ್ಟರ ಮಟ್ಟಿಗಾದರೂ ಎರಡು ಬದಿ ಸಮಾನಾಂತರವಾಗಿರಬೇಕು. ಇಟ್ಟರೆ ಅಲುಗಾಡದೆ ನಿಲ್ಲಬೇಕು.

ಇಂಥ ಅಲಗು ಪೆಟ್ಟಿಗೆಯಿಂದ ಸಿದ್ಧವಾಗಿ ಬರುವುದು ಅಪರೂಪ. ನುರಿತ ಗಡಿಯಾರದವರು ಅದನ್ನು ಮಾಡಿಕೊಳ್ಳುತ್ತಾರೆ. ಸಾಣೆಕಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಒಂದು ಬದಿ, ಇನ್ನೊಂದು ಬದಿ, ಕೊನೆಗೆ ತುದಿ ಎಂದು ತೇಯುತ್ತಾರೆ. ಮಸೂರದಲ್ಲಿ ನೋಡಿ, ಸೀಳಿಗಿಟ್ಟು ಪರೀಕ್ಷಿಸಿ, ಮತ್ತೆ ತೇಯುತ್ತಾರೆ. ಸ್ಕ್ರೂಡ್ರೈವರ್ ಆರಿಸುವುದೆಂದರೆ ಅರ್ಧದಷ್ಟು ಕೆಲಸ ಈ ತೇಯುವುದೇ. ಅವಸರದಲ್ಲಿ ಇದನ್ನು ಬಿಟ್ಟುಬಿಡುವುದರಿಂದಲೇ ಒಳ್ಳೊಳ್ಳೆಯ ಚೈನುಗಳ ಪಕ್ಕದಲ್ಲಿ ಕಚ್ಚಿದಂಥ ಗಾಯಗಳು ಉಳಿಯುತ್ತವೆ. ನೋಡಿದರೆ ಸಂಕಟವಾಗುತ್ತದೆ.

ತಿರುಗಿಸುವಾಗ ಚೈನನ್ನು ಮೇಜಿನ ಮೇಲೆ ಅಡ್ಡಲಾಗಿ, ಕದಲದಂತೆ ಹಿಡಿಕೆಯಲ್ಲಿ ನಿಲ್ಲಿಸಬೇಕು. ತೋರುಬೆರಳು ಸ್ಕ್ರೂಡ್ರೈವರಿನ ನೆತ್ತಿಯ ತಿರುಗುಟೋಪಿಯನ್ನು ಒತ್ತಿರುತ್ತದೆ, ಹೆಬ್ಬೆರಳು ಮತ್ತು ನಡುಬೆರಳು ತಿರುಗಿಸುತ್ತವೆ. ಒತ್ತುವುದು ಹೆಚ್ಚು, ತಿರುಗಿಸುವುದು ಕಡಿಮೆ.

ಸರಿಯಾದ ಅಲಗಿಗೂ ಜಗ್ಗದ ಸ್ಕ್ರೂ ಇದ್ದರೆ ಬಹುಶಃ ಅಂಟು ಹಾಕಿದೆ. ಸ್ಕ್ರೂ ತಾನಾಗಿ ಸಡಿಲವಾಗಿ ಬೀಳದಿರಲಿ ಎಂದು ಥ್ರೆಡ್ಡಿಗೆ ಲಾಕ್‌ಟೈಟ್‌ನಂಥ ಅಂಟು ಹಚ್ಚುವುದುಂಟು. ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ. ವಾಚನ್ನೇ ಕಳಚಿಟ್ಟು ಬರಿಯ ಚೈನಿಗೆ ಹೇರ್ ಡ್ರೈಯರಿನ ಗಾಳಿ ಬಿಟ್ಟು ನೋಡಬಹುದು. ಟೈಟಾನಿಯಂ ಚೈನುಗಳಲ್ಲಿ ತೊಡಕೇ ಬೇರೆ. ಟೈಟಾನಿಯಂ ಟೈಟಾನಿಯಂನೊಡನೆ ಉಜ್ಜಿದಾಗ ಒಂದಕ್ಕೊಂದು ಕಚ್ಚಿಕೊಳ್ಳುವ ಗುಣವಿದೆ. ಅಲ್ಲಿ ಬಲ ಪ್ರಯೋಗಿಸಿದರೆ ಸ್ಕ್ರೂ ತುಂಡಾಗಿ ಥ್ರೆಡ್ಡಿನಲ್ಲೇ ಉಳಿಯಬಹುದು. ಇನ್ನು ಕೆಲವು ಚೈನುಗಳಲ್ಲಿ ಎರಡು ಬದಿಯಲ್ಲೂ ಸ್ಕ್ರೂ ತಲೆಗಳಿರುತ್ತವೆ. ಒಂದನ್ನು ತಿರುಗಿಸಿದರೆ ಇನ್ನೊಂದೂ ಜೊತೆಗೇ ಸುತ್ತುತ್ತದೆ. ಅದಕ್ಕೆ ಒಂದೇ ಅಳತೆಯ ಎರಡು ಸ್ಕ್ರೂಡ್ರೈವರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು.

ಚೈನಿನ ಉದ್ದ ಹೊಂದಿಸುವುದಷ್ಟೇ ಬೇಕಿದ್ದರೆ, ಇಷ್ಟೆಲ್ಲ ತಯಾರಿಗೆ ಮುನ್ನ ಅದರ ಲಾಕನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಅನೇಕ ಲಾಕುಗಳ ಪಕ್ಕದಲ್ಲಿ ಸಾಲುರಂಧ್ರಗಳಿರುತ್ತವೆ. ಚೈನನ್ನು ಲಾಕಿಗೆ ಸಿಕ್ಕಿಸುವ ಸ್ಪ್ರಿಂಗ್ ಬಾರನ್ನು ಒಂದು ರಂಧ್ರ ಆಚೀಚೆ ಸರಿಸಿದರೆ ಎರಡು ಮೂರು ಮಿಲಿಮೀಟರ್ ಸಿಗುತ್ತದೆ. ರೋಲೆಕ್ಸ್ ಸಬ್‌ಮರೀನರಿನ ಲಾಕಿನಲ್ಲಿ ಯಾವ ಉಪಕರಣವೂ ಇಲ್ಲದೆ 2 ಮಿ.ಮೀ. ಹೆಜ್ಜೆಯಲ್ಲಿ ಸುಮಾರು 20 ಮಿ.ಮೀ.ವರೆಗೆ ಹಿಗ್ಗಿಸಬಹುದು. ಬೇಸಿಗೆಯಲ್ಲಿ ಊದಿದ ಮಣಿಕಟ್ಟಿಗೆ ಅಷ್ಟು ಧಾರಾಳವಾಗಿ ಸಾಕು.

ಕೊಂಡಿ ತೆಗೆಯಲೇಬೇಕಾದರೆ ಎರಡು ಕಡೆಯಿಂದಲೂ ತೆಗೆಯಬೇಕು, ಲಾಕು ಮಣಿಕಟ್ಟಿನ ಅಡಿಯಲ್ಲಿ ನಟ್ಟನಡುವೆ ಕೂರುವಂತೆ. ತೆಗೆದ ಕೊಂಡಿಗಳನ್ನು ಸ್ಕ್ರೂ ಸಮೇತ ವಾಚಿನ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಕು. ಮುಂದೊಂದು ದಿನ ವಾಚು ಇನ್ನೂ ದಪ್ಪ ಕೈಯ ಮಗನಿಗೋ ಅಳಿಯನಿಗೋ ಹೋದಾಗ, ಅಥವಾ ಮಾರಾಟಕ್ಕೆ ಬಂದಾಗ, ಮೊದಲು ಕೇಳುವುದು ಅವನ್ನೇ.